ಪಿಸ್ಟನ್ ಇಲ್ಲದ ಇಂಜಿನ್ನೂ ತಿರಕಪ್ಪ ಹಾಕಿದ ಗಂಟೂ

ಬೆಟಗೇರಿಯ ತಿರಕಪ್ಪ ಯಾರನ್ನೂ ಸುಮ್ಮನೆ ನಂಬುವ ಆಸಾಮಿಯಲ್ಲ. ಬಸ್ಸಿನ ಹಣೆಯ ಮೇಲೆ ಮುಂಡರಗಿ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಕಂಡಕ್ಟರನನ್ನು ಒಮ್ಮೆ ಕೇಳುತ್ತಾನೆ, ಹತ್ತಿ ಕೂತ ಮೇಲೆ ಪಕ್ಕದವನನ್ನು ಇನ್ನೊಮ್ಮೆ ಕೇಳುತ್ತಾನೆ. ಹಾಲಿನವಳು ಲೀಟರಿನ ಮಾಪು ಇಳಿಸುವ ಮೊದಲು ಅದರ ತಳ ನೋಡುತ್ತಾನೆ. ಇಂಥವನ ಜೊತೆ ಬಾಳುವುದು ಸುಲಭವಲ್ಲ. ಆದರೆ ಇಂಜಿನ್ ಕೆಟ್ಟು ನಿಂತಾಗ ಜನ ಹುಡುಕಿಕೊಂಡು ಹೋಗುತ್ತಿದ್ದದ್ದು ಇವನ ಬಾಗಿಲಿಗೇ. ಎಲ್ಲವನ್ನೂ ಸಂಶಯಿಸುವವನ ಕಣ್ಣಿಗೆ ರೋಗ ಬೇಗ ಬೀಳುತ್ತದೆ ಎಂದು ಅವರ ಲೆಕ್ಕ.

ಅವರದು ನೇಕಾರರ ಮನೆ. ಅಪ್ಪ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದ. ತಾಯಿ ದ್ಯಾಮವ್ವ ಮಗ್ಗದ ಉದ್ದಕ್ಕೆ ಹಾಯುವ ಹಾಸಿನ ಎಳೆ ಕಡಿದಾಗ ಗಂಟು ಹಾಕುವುದನ್ನು ಮಗನಿಗೆ ಏಳನೇ ವರ್ಷಕ್ಕೇ ಕಲಿಸಿದ್ದಳು. ನೇಕಾರರ ಗಂಟು ಎಂದರೆ ಸಾಸಿವೆಗಿಂತ ಸಣ್ಣದು. ಎಳೆಗಳು ನುಸುಳುವ ಹಣಿಗೆಯ ಸಂದಿಯಲ್ಲಿ ಸಿಕ್ಕಿಕೊಳ್ಳಬಾರದು, ಎಳೆದರೆ ಬಿಚ್ಚಲೂಬಾರದು. ದ್ಯಾಮವ್ವ ಎಡಚಿ. ಹಾಗಾಗಿ ಅವಳ ಗಂಟು ಊರಿನವರ ಗಂಟಿಗಿಂತ ತಿರುವು ಬೇರೆ, ಮಗನ ಗಂಟೂ ಹಾಗೇ. ಆದರೆ ಮಗನಿಗೆ ಮಗ್ಗ ಒಲಿಯಲಿಲ್ಲ. ಓಣಿಯ ಹಿಟ್ಟಿನ ಗಿರಣಿಯ ಆಯಿಲ್ ಇಂಜಿನ್ನಿನ ಮುಂದೆ ಗಂಟೆಗಟ್ಟಲೆ ಕೂತು ಕೂತು ಕೊನೆಗೆ ಅದರ ವೈದ್ಯನೇ ಆಗಿಬಿಟ್ಟ.

ನಲವತ್ತು ವರ್ಷ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಈ ನಾಲ್ಕರ ನಡುವೆ ಅವನು ಬಿಚ್ಚದ ಪಂಪು ಕಡಿಮೆ. ಸೈಲೆನ್ಸರ್ ಎದುರು ಅಂಗೈ ಹಿಡಿದು ಬಿಸಿ ನೋಡುತ್ತಿದ್ದ, ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ ಮೂಸುತ್ತಿದ್ದ, ಓಡುವ ಇಂಜಿನ್ನಿನ ಮೇಲೆ ತುಂಬಿದ ನೀರಿನ ಲೋಟ ಇಟ್ಟು ಅಲೆ ಎಣಿಸುತ್ತಿದ್ದ. ಆಮೇಲೆ ಒಂದೇ ಮಾತು: ರಿಂಗ್ ಹೋಗಿದೆ, ಅಥವಾ ವಾಲ್ವ್ ಹೋಗಿದೆ. ಬಿಚ್ಚಿ ನೋಡಿದರೆ ಅದೇ ಹೋಗಿರುತ್ತಿತ್ತು. ತಿರಕಪ್ಪ ಹೇಳಿದ ಎಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಈ ಮರ್ಯಾದೆ ಅವನ ತಲೆಗೆ ಸ್ವಲ್ಪ ಏರಿತ್ತು, ಅದನ್ನು ಮುಚ್ಚಿಡುವುದೇಕೆ.

ಹೋದ ವರ್ಷ ಮಾಘದ ಮದುವೆಗಳು ಸುರುವಾಗುವ ಹೊತ್ತಿಗೆ ಗದಗಿನ ಅನುರಾಧಾ ಅವನಿಗೆ ಹೇಳಿಕಳಿಸಿದಳು. ಅನುರಾಧಾ ಮದುವೆಗೆ ಪೆಂಡಾಲು, ಲೈಟು, ಜನರೇಟರು ಬಾಡಿಗೆಗೆ ಕೊಡುವ ಗಟ್ಟಿ ಹೆಣ್ಣುಮಗಳು. ಅವಳ ಹಳೆಯ ಡೀಸೆಲ್ ಜನರೇಟರ್ ಸುರುವಾದರೆ ಮಂತ್ರ ಕೇಳುತ್ತಿರಲಿಲ್ಲ, ಬೀಗರ ಬೈಗುಳವೂ ಕೇಳುತ್ತಿರಲಿಲ್ಲ. ಸದ್ದಿಲ್ಲದ ಜನರೇಟರ್ ಬೇಕೆಂದು ಗಿರಾಕಿಗಳು ಹಟ ಹಿಡಿದಿದ್ದರಿಂದ ಪುಣೆಯ ಕಡೆಯಿಂದ ಒಂದು ಹೊಸ ನಮೂನೆಯದನ್ನು ತರಿಸಿದ್ದಳು. ರೋಟರಿ ಇಂಜಿನ್ನು. ಪೆಟ್ರೋಲಿನದು, ಕೈಗಾಡಿಯ ಮೇಲೆ ಕೂರುವಷ್ಟು ಸಣ್ಣದು.

ಅದರ ಜೊತೆ ಬಂದ ಮಾರಾಟದವನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದ. ಒಳಗೆ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ನಡು ಸ್ವಲ್ಪ ಒಳಗೆ ಹೋದ ಉದ್ದುರುಟು ಕೋಣೆ, ಅದರೊಳಗೆ ಮೂರು ಮೂಲೆಯ ಒಂದು ಉಕ್ಕಿನ ತುಂಡು ಗಿರಗಿರ ತಿರುಗುತ್ತದೆ, ಅಷ್ಟೇ. ಮೇಲೆ ಕೆಳಗೆ ಕುಪ್ಪಳಿಸುವುದು ಏನೂ ಇಲ್ಲವಾದ್ದರಿಂದ ನಡುಕವಿಲ್ಲ. ತಿರಕಪ್ಪ ತನ್ನ ಪದ್ಧತಿಯಂತೆ ಲೋಟ ತುಂಬ ನೀರು ತರಿಸಿ ಮೇಲೆ ಇಟ್ಟ. ಇಂಜಿನ್ ಓಡುತ್ತಿತ್ತು, ನೀರು ಕನ್ನಡಿಯ ಹಾಗೆ ನಿಂತಿತ್ತು. ಸುತ್ತ ನಿಂತವರು ಬಾಯಿ ಬಿಟ್ಟರು. ತಿರಕಪ್ಪನ ಹುಬ್ಬು ಗಂಟಾಯಿತು.

"ಈ ಮೂರು ಮೂಲಿ ಗ್ವಾಡಿಗೆ ಉಜ್ಜತಾವಲ್ಲ, ಅಲ್ಲಿ ಸಂದಿ ಹೆಂಗ ಮುಚ್ಚೀರಿ?" ಎಂದು ಕೇಳಿದ.

"ಒಂದೊಂದು ಮೂಲಿಗೆ ಒಂದೊಂದು ಸೀಲ್ ಪಟ್ಟಿ ಐತ್ರಿ."

"ಪಿಸ್ಟನ್ನಿಗೆ ಮೂರ ರಿಂಗ್ ಇರತಾವ. ಸವದ್ರೂ ಅಗಲ ಆಗಿ ಗ್ವಾಡಿ ಹಿಡೀತಾವ. ನಿಮ್ಮ ಪಟ್ಟಿ ಕಡ್ಡಿಗತೆ ಐತಿ, ಚೂಪನ ಅಂಚಿನ ಮ್ಯಾಲೆ ಓಡತೈತಿ. ಎಷ್ಟ ದಿನ ಬಾಳತೈತಿ?"

"ಭಾಳ ದಿನ ಬರತೈತ್ರಿ."

"ಭಾಳ ಅಂದ್ರ ಎಷ್ಟು?"

ಮಾರಾಟದವನು ತನ್ನ ಫೋನ್ ನೋಡಿಕೊಂಡ. ಸವೆದರೆ ಹೊಸ ಪಟ್ಟಿ ಹುಬ್ಬಳ್ಳಿಯಲ್ಲಿ ಸಿಗುತ್ತದೆಯೇ ಎಂದು ಕೇಳಿದಾಗಲೂ ಫೋನನ್ನೇ ನೋಡಿದ. ತಿರಕಪ್ಪ ಅನುರಾಧಾಳ ಕಡೆ ತಿರುಗಿ, "ಅಕ್ಕಾರ, ನಡಗೂ ಇಂಜಿನ್ ತನ್ನ ಜಡ್ಡು ತಾನ ಹೇಳತೈತಿ. ಇದು ತುಟಿ ಬಿಚ್ಚೂದಿಲ್ಲ. ನನಗ ಇದರ ಮ್ಯಾಲೆ ಭರವಸಿ ಇಲ್ಲ" ಎಂದ.

ಅನುರಾಧಾ ನಕ್ಕಳು. "ನಿಮಗ ಅಂಗಡಿ ಬಂದ್ ಆಗತೈತಿ ಅನ್ನೂ ಹೆದರಿಕಿ, ತಿರಕಪ್ಪಣ್ಣ. ಪಿಸ್ಟನ್ ಇಲ್ಲ ಅಂದಮ್ಯಾಲೆ ರಿಂಗ್ ಬದಲಿ ಮಾಡವರಿಗೆ ಏನ ಕೆಲಸ?"

ಮಾತು ನೇರವಾಗಿ ಹೋಗಿ ನಾಟಿತು. ಅದರಲ್ಲಿ ಅರ್ಧ ಖರೆ ಇತ್ತು, ಅದಕ್ಕೇ ನಾಟಿತು. ಅವತ್ತಿನಿಂದ ಆ ಇಂಜಿನ್ನಿನ ಒಂದೊಂದು ಕುಂದನ್ನೂ ಹುಡುಕಿ ತೆಗೆಯುವುದು ತಿರಕಪ್ಪನಿಗೆ ವ್ರತವೇ ಆಯಿತು.

ಕುಂದುಗಳಿಗೆ ಬರವಿರಲಿಲ್ಲ. ಹಳೆಯ ಡೀಸೆಲ್ಲಿನ ಒಂದೂವರೆ ಪಟ್ಟು ಇಂಧನ ಕುಡಿಯಿತು, ಅದೂ ಪೆಟ್ರೋಲು. ಅದರ ಕೋಣೆ ಉದ್ದಕ್ಕೆ ಚಪ್ಪಟೆಯಾಗಿರುವುದರಿಂದ ಉರಿ ಎಲ್ಲ ಮೂಲೆಗೂ ಮುಟ್ಟುವುದಿಲ್ಲ, ಅರೆಬರೆ ಸುಟ್ಟದ್ದು ಹೊರಗೆ ಹೋಗುತ್ತದೆ ಎಂದು ಅವನು ವಾಸನೆಯಿಂದಲೇ ಹೇಳಿದ. ಶಿರಹಟ್ಟಿ ಕಡೆಯ ಮಾಗಡಿಯ ಒಂದು ಮದುವೆಯಲ್ಲಿ ಸೈಲೆನ್ಸರ್ ಕಾವಿಗೆ ಪೆಂಡಾಲಿನ ಬಟ್ಟೆ ಕಂದಿ ಹೋಯಿತು. ಅಡುಗೆಯವರು ರುಬ್ಬುವ ಯಂತ್ರವನ್ನೂ ನಾಲ್ಕು ಕೂಲರುಗಳನ್ನೂ ಒಟ್ಟಿಗೇ ಹಾಕಿದರೆ ಲೈಟು ಮಂಕಾಗುತ್ತಿದ್ದವು. ಹಳೆಯ ಡೀಸೆಲ್ ಆದರೆ ಒಮ್ಮೆ ನರಳಿ ಭಾರ ಹೊರುತ್ತಿತ್ತು, ಇದಕ್ಕೆ ನಿಧಾನ ಓಟದಲ್ಲಿ ದಮ್ಮೇ ಇಲ್ಲ. ಇಂಥ ಒಂದೊಂದು ಸುದ್ದಿ ಬಂದಾಗಲೂ ತಿರಕಪ್ಪನಿಗೆ ಒಳಗೊಳಗೇ ಖುಷಿ. ಆದರೂ ಸದ್ದಿಲ್ಲ ಎಂಬ ಒಂದೇ ಗುಣಕ್ಕೆ ಗಿರಾಕಿಗಳು ಮುಗಿಬಿದ್ದು ಅದನ್ನೇ ಕೇಳುತ್ತಿದ್ದರು.

ಆ ಜನರೇಟರ್ ನೋಡಿಕೊಳ್ಳುತ್ತಿದ್ದವನು ಬಿಂಕದಕಟ್ಟಿಯ ಸುಭಾಷ. ಮೂವತ್ತರ ಹತ್ತಿರದವನು, ಒಕ್ಕಲು ಮನೆತನ, ತಂದೆ ಇಲ್ಲ, ತಾಯಿ ಹನಮಂತವ್ವ ಇದ್ದಾಳೆ. ಆರು ವರ್ಷದಿಂದ ಅನುರಾಧಾಳ ಬಳಿ ಕೆಲಸ. ಮಾತು ಕಡಿಮೆ, ಕೈಯಲ್ಲಿ ಸದಾ ಒಂದು ಒರೆಸುವ ಬಟ್ಟೆ. ಒಂದು ದಿನ ಅವನು ತಿರಕಪ್ಪನ ಅಂಗಡಿಗೆ ಬಂದು, "ಇದು ಇಂಜಿನ್ ಎಣ್ಣಿ ಕೇಳಾಕ ಹತ್ತೇತ್ರಿ. ತಿಂಗಳದಾಗ ಮೂರ ಡಬ್ಬಿ ಸುರುವೀನಿ, ಮತ್ತ ಕಡಿಮಿ ತೋರಸತೈತಿ" ಎಂದ.

ತಿರಕಪ್ಪ ಹೋಗಿ ನೋಡಿದ. ಕೆಳಗೆ ಬಿಳಿ ಹಾಳೆ ಹಾಸಿ ಇಂಜಿನ್ ಓಡಿಸಿದ, ಒಂದು ಹನಿಯೂ ಬೀಳಲಿಲ್ಲ. ಸೈಲೆನ್ಸರಿಗೆ ಬಿಳಿ ಬಟ್ಟೆ ಹಿಡಿದ, ನೀಲಿ ಹೊಗೆಯ ಸುಳಿವಿಲ್ಲ. ಇಂಜಿನ್ ಎಣ್ಣೆ ಎರಡೇ ದಾರಿಯಲ್ಲಿ ಹೋಗಬಲ್ಲದು: ಸೋರಬೇಕು ಇಲ್ಲವೇ ಸುಟ್ಟು ನೀಲಿ ಹೊಗೆಯಾಗಬೇಕು. ನಲವತ್ತು ವರ್ಷ ಇದು ತಪ್ಪಿಲ್ಲ. ಎರಡೂ ಇಲ್ಲವೆಂದರೆ ಮೂರನೆಯ ದಾರಿ ಮನುಷ್ಯನ ಕೈ.

ನೋಡಿ, ಎಂಥ ವಿಚಿತ್ರ. ಆ ಇಂಜಿನ್ನಿನ ಮೇಲೆ ಅವನಿಗೆ ಎಲ್ಲದಕ್ಕೂ ಸಂಶಯವಿತ್ತು. ಇದೊಂದು ವಿಷಯದಲ್ಲಿ ಮಾತ್ರ ಇಂಜಿನ್ನನ್ನು ನಂಬಿದ, ಮನುಷ್ಯನನ್ನು ಸಂಶಯಿಸಿದ.

ಶಿರಹಟ್ಟಿಯಲ್ಲಿ ಎರಡು ದಿನದ ಮದುವೆ ಇತ್ತು. ಹೊರಡುವ ಮುಂಜಾನೆ ತಿರಕಪ್ಪ ಎಣ್ಣೆಯನ್ನು ಅಳತೆಯ ಕಡ್ಡಿಯ ಮೇಲಿನ ಗೆರೆಯ ತನಕ ತುಂಬಿದ. ಎಣ್ಣೆ ಸುರಿಯುವ ಮುಚ್ಚಳಕ್ಕೂ ಎಣ್ಣೆ ಇಳಿಸುವ ತಳದ ಬೋಲ್ಟಿಗೂ ಬಿಳಿ ನೂಲು ಸುತ್ತಿ, ಅವ್ವ ಕಲಿಸಿದ ಎಡಗೈ ತಿರುವಿನ ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಿನಿಂದ ಕಡಿದ. ಬಿಚ್ಚಿದರೆ ಅದೇ ಗಂಟನ್ನು ಮತ್ತೆ ಹಾಕುವ ಕೈ ಈ ಸೀಮೆಯಲ್ಲಿ ಇನ್ನೊಂದಿರಲಿಲ್ಲ.

"ಇದನ್ನ ಮುಟ್ಟಬ್ಯಾಡ" ಎಂದ.

"ಎಣ್ಣಿ ಕಡಿಮಿ ಆದ್ರರಿ?" ಎಂದು ಸುಭಾಷ ಕೇಳಿದ.

"ಆಗೂದಿಲ್ಲ."

ಮೂರನೆಯ ದಿನ ಗಾಡಿ ಗದಗಿಗೆ ಮರಳಿ ಜನರೇಟರಿನವರ ಸ್ಟ್ಯಾಂಡಿನಲ್ಲಿ ನಿಂತಿತು. ನಾಲ್ಕು ತಾಲೂಕಿಗೆ ಬಾಡಿಗೆ ಹೋಗುವ ಆಪರೇಟರುಗಳೆಲ್ಲ ಚಹಾ ಕುಡಿಯುವ ಜಾಗ ಅದು. ತಿರಕಪ್ಪ ಬಂದು ಬಗ್ಗಿ ನೋಡಿದ. ತಳದ ಗಂಟು ಇದ್ದ ಹಾಗೇ ಇತ್ತು. ಮುಚ್ಚಳದ ಮೇಲೆ ಮಾತ್ರ ಎತ್ತಿಗೆ ಹಗ್ಗ ಬಿಗಿಯುವಂಥ ದಪ್ಪ ಗಂಟು. ಕಡ್ಡಿ ಎತ್ತಿ ನೋಡಿದರೆ ಎಣ್ಣೆ ಅರ್ಧಕ್ಕೆ ಇಳಿದಿತ್ತು.

"ನೂಲು ಯಾರು ಕಡದ್ರು?"

"ನಾನ ಕಡದೇನ್ರಿ" ಎಂದ ಸುಭಾಷ. "ಎಣ್ಣಿ ಕೆಳಗಿನ ಗೆರಿ ಮುಟ್ಟಿತ್ತು. ಹಂಗ ಬಿಟ್ಟಿದ್ರ ಇಂಜಿನ್ ಸುಡತಿತ್ತು. ಅರ್ಧ ಡಬ್ಬಿ ಹಾಕಿ, ನೀವು ಕಟ್ಟಿದ್ರಲ್ಲ ಅಂತ, ಮತ್ತ ಕಟ್ಟೀನಿ."

ಯಾರೋ ಚಹಾದ ಲೋಟ ಹಿಡಿದು ನಕ್ಕರು. ತಿರಕಪ್ಪ ಸುಭಾಷನ ಮೋಟರ್ ಸೈಕಲ್ಲಿನ ಬಳಿ ಹೋಗಿ ಅದರ ಎಣ್ಣೆಯ ಮುಚ್ಚಳ ತಿರುವಿದ. ಜೇನಿನ ಬಣ್ಣದ ಹೊಸ ಎಣ್ಣೆ. ಹೋದ ವಾರ ಸ್ವಂತ ಖರ್ಚಿನಲ್ಲಿ ಬದಲಿಸಿದೆ ಎಂದು ಸುಭಾಷ ಹೇಳಿದ. ಹೇಳುವಾಗ ಅವನ ದನಿ ತುಸು ನಡುಗಿತು. ಆ ನಡುಕವನ್ನು ತಿರಕಪ್ಪ ರಿಂಗ್ ಸವೆದ ಇಂಜಿನ್ನಿನ ನಡುಕದಂತೆಯೇ ಎಣಿಸಿದ.

"ಸುರುವಿದ್ದು ಖರೆ. ಎಲ್ಲಿ ಸುರುವಿದಾ ಅನ್ನೂದು ಇಲ್ಲೈತಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ತಿರಕಪ್ಪ ಹೇಳಿದ ಎಂದರೆ ಮುಗಿಯಿತಲ್ಲ. ಅನುರಾಧಾ ಬಂದು ಸುಭಾಷನಿಂದ ಕೀಲಿ ಇಸಿದುಕೊಂಡಳು. ಸುಭಾಷ ಒರೆಸುವ ಬಟ್ಟೆಯನ್ನು ಮಡಚಿ ಇಂಜಿನ್ನಿನ ಮೇಲಿಟ್ಟು ಹೋದ. ಸಂಜೆಯೊಳಗೆ ಸುದ್ದಿ ಲಕ್ಷ್ಮೇಶ್ವರಕ್ಕೂ ಮುಂಡರಗಿಗೂ ಮುಟ್ಟಿತು. ಮರುದಿನದಿಂದ ಅವನನ್ನು ಯಾವ ಮಾಲೀಕರೂ ಜನರೇಟರಿನ ಹತ್ತಿರ ನಿಲ್ಲಗೊಡಲಿಲ್ಲ. ಕಳ್ಳ ಎಂಬ ಹೆಸರು ಅಂಟಿದವನಿಗೆ ಈ ಕಸುಬಿನಲ್ಲಿ ಜಾಗವಿಲ್ಲ, ಏಕೆಂದರೆ ಇಡೀ ದಿನ ಎಣ್ಣೆಯ ಜೊತೆ ಒಬ್ಬನೇ ಇರುವ ಕೆಲಸ ಅದು.

ಹದಿನೆಂಟು ದಿನ ಕಳೆದಿರಬೇಕು. ಅಷ್ಟು ದಿನ ಅನುರಾಧಾ ಹಳೆಯ ಡೀಸೆಲ್ಲನ್ನೇ ಹೇಗೋ ಎಳೆದಾಡಿದ್ದಳು. ಲಕ್ಷ್ಮೇಶ್ವರದ ಒಂದು ಮದುವೆಯವರು ಮಾತ್ರ ಸದ್ದಿಲ್ಲದ್ದೇ ಬೇಕೆಂದರು, ಅದನ್ನು ನಡೆಸಲು ಗೊತ್ತಿದ್ದವನು ಯಾರೂ ಇರಲಿಲ್ಲ. ಅನುರಾಧಾ ಕೈಮುಗಿದು ಕೇಳಿದ್ದಕ್ಕೆ ತಿರಕಪ್ಪ ತಾನೇ ಹೋಗಿ ಕೂತ. ಎಣ್ಣೆ ಮೇಲಿನ ಗೆರೆ ತನಕ ತುಂಬಿದ, ರೂಢಿಯಂತೆ ಗಂಟು ಹಾಕಿದ. ಬೇರೆಯವರಿಗೆ ಹಾಕಿದ್ದನ್ನು ತನಗೂ ಹಾಕಿಕೊಳ್ಳುವ ನಿಯತ್ತು ಅವನಿಗಿತ್ತು, ಅದನ್ನು ಒಪ್ಪಬೇಕು. ಮುಂಜಾನೆ ಎಂಟಕ್ಕೆ ಕೂತವನು ಊಟಕ್ಕೂ ಏಳಲಿಲ್ಲ. ತಾಟನ್ನು ಅಲ್ಲಿಗೇ ತರಿಸಿಕೊಂಡು, ಕಣ್ಣು ಮುಚ್ಚಳದ ಮೇಲಿಟ್ಟೇ ಉಂಡ. ಸಂಜೆ ಐದಕ್ಕೆ ಇಂಜಿನ್ ಬಂದ್ ಮಾಡಿ ಬಗ್ಗಿ ನೋಡಿದ. ಗಂಟು ತನ್ನದೇ. ತಳದ ಗಂಟೂ ತನ್ನದೇ. ಕೆಳಗೆ ಹಾಸಿದ ಹಾಳೆ ಒಣಗಿಯೇ ಇತ್ತು.

ಬ್ಲೇಡಿನಿಂದ ನೂಲು ಕಡಿದು ಕಡ್ಡಿ ಎತ್ತಿದ. ಎಣ್ಣೆ ಕೆಳಗಿನ ಗೆರೆಗೆ ಬಂದು ನಿಂತಿತ್ತು.

ಒರೆಸಿ ಮತ್ತೆ ಅದ್ದಿದ. ಮತ್ತೊಮ್ಮೆ ಅದ್ದಿದ. ಈಗ ಕಳ್ಳ ಯಾರು ಎಂದು ಕೇಳಿದರೆ ಒಬ್ಬನ ಹೆಸರನ್ನೇ ಹೇಳಬೇಕಾಗಿತ್ತು, ಅವನು ಅಲ್ಲಿಯೇ ಮೊಣಕಾಲೂರಿ ಕೂತಿದ್ದ. ಅರ್ಧ ಡಬ್ಬಿ ಎಣ್ಣೆ ಸುರಿದ. ಆಮೇಲೆ ಮೊದಲ ಸಲ ಇಂಜಿನ್ನನ್ನು ಇಂಜಿನ್ನಿನ ಹಾಗೆ ನೋಡಿದ.

ಪಕ್ಕದಲ್ಲಿ ಊದಿನಕಡ್ಡಿಯಷ್ಟು ಸಣ್ಣದೊಂದು ಕೊಳವೆ ಇತ್ತು. ಮೊದಲ ದಿನವೇ ಅದು ಕಣ್ಣಿಗೆ ಬಿದ್ದಿತ್ತು, ಗಾಳಿ ಹೋಗುವ ಕೊಳವೆ ಇದ್ದೀತು ಎಂದು ಬಿಟ್ಟಿದ್ದ. ಈಗ ಬೆರಳಿನಿಂದ ಅದರ ಬೆನ್ನು ಹತ್ತಿದ. ಕೊಳವೆ ಒಂದು ಪುಟ್ಟ ಎಣ್ಣೆ ಪಂಪಿನಿಂದ ಹೊರಟು ನೇರವಾಗಿ ಪೆಟ್ರೋಲೂ ಗಾಳಿಯೂ ಒಳಗೆ ಹೋಗುವ ಬಾಯಿಗೆ ಸೇರಿತ್ತು. ಇಂಜಿನ್ ಸುರು ಮಾಡಿ ತುದಿಯ ನಟ್ಟು ಸಡಿಲಿಸಿದ. ಒಂದು ಹನಿ ಎಣ್ಣೆ ಬಂತು. ತುಸು ತಡೆದು ಇನ್ನೊಂದು ಹನಿ.

ತಿಳಿಯಿತು. ಪಿಸ್ಟನ್ನಿಗೆ ಕೆಳಗಿನಿಂದ ಎಣ್ಣೆ ಚಿಮ್ಮುತ್ತದೆ, ರಿಂಗು ಅದನ್ನು ಕೆರೆದು ಮತ್ತೆ ತಳಕ್ಕೇ ಇಳಿಸುತ್ತದೆ. ಈ ಮೂರು ಮೂಲೆಯ ಪಟ್ಟಿಗಳಿಗೆ ಹಾಗೆ ಎಣ್ಣೆ ಮುಟ್ಟುವ ದಾರಿಯಿಲ್ಲ. ಅವು ಒಣಗಿ ಕೆರೆಯಬಾರದೆಂದು ಪೆಟ್ರೋಲಿನ ಜೊತೆಗೇ ಹನಿಹನಿಯಾಗಿ ಎಣ್ಣೆ ಬಿಡುತ್ತಾರೆ, ಅದೂ ಉರಿದು ಹೋಗುತ್ತದೆ. ಅಳೆದು ಬಿಡುವುದರಿಂದ ನೀಲಿ ಹೊಗೆ ಕಾಣುವುದಿಲ್ಲ. ಎಣ್ಣೆ ತಿನ್ನುವುದು ಪಿಸ್ಟನ್ ಇಂಜಿನ್ನಿಗೆ ಜಡ್ಡು, ಇದಕ್ಕೆ ದಿನದ ಊಟ.

ಅವನಿಗೆ ಮೊದಲು ಆದದ್ದು ಖುಷಿ. ಇನ್ನೊಂದು ಕುಂದು ಸಿಕ್ಕಿತು, ಅನುರಾಧಾಳಿಗೆ ಹೇಳಬೇಕು ಎಂಬ ಖುಷಿ. ಒಂದು ಗಳಿಗೆ ಆದ ಮೇಲೆ ಸುಭಾಷನ ಮುಖ ನೆನಪಾಯಿತು. ಆ ಹುಡುಗ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇಂಜಿನ್ ಉಳಿಸಲು ನೂಲು ಕಡಿದಿದ್ದ. ಅವನು ಮಾಡಿದ ಒಳ್ಳೆಯ ಕೆಲಸವನ್ನೇ ತಾನು ಸಾಕ್ಷಿಯಾಗಿ ಹಿಡಿದು ಅವನನ್ನು ಮುಗಿಸಿದ್ದ.

ಅನುರಾಧಾ ಎಲ್ಲ ಕೇಳಿಸಿಕೊಂಡು ದನಿ ಇಳಿಸಿದಳು. "ಆತು ಬಿಡ್ರಿ. ಸುಭಾಷನ್ನ ಸುಮ್ಮನ ವಾಪಸ್ ಕರಸ್ತೀನಿ. ಸ್ಟ್ಯಾಂಡಿನ್ಯಾಗ ಏನೂ ಹೇಳಾಕ ಹೋಗಬ್ಯಾಡ್ರಿ. ಕೊಪ್ಪಳದ ಕಡೆಯಿಂದ ಒಬ್ಬಾವ ಈ ಇಂಜಿನ್ ಕೇಳಾಕ ಬಂದಾನ. ಎಣ್ಣಿ ತಿಂತೈತಿ ಅಂತ ಖಬರ ಹೋದ್ರ ಮುಟ್ಟಂಗಿಲ್ಲ. ನಿಮ್ಮ ಹೆಸರೂ ಉಳೀತೈತಿ."

ತಿರಕಪ್ಪನಿಗೆ ಅವಳ ಮೇಲೆ ಸಂಶಯ ಬಂತು. ಅವಳಿಗೆ ಇದು ಮೊದಲೇ ಗೊತ್ತಿತ್ತೋ ಏನೋ, ಮಾರಾಟದವನು ಗುಟ್ಟಾಗಿ ಹೇಳಿದ್ದನೋ ಏನೋ. ಮರುದಿನ ಪೂರ್ತಿ ಅಂಗಡಿಯಲ್ಲಿ ಕೂತು ಅವಳನ್ನು ಮನಸ್ಸಿನಲ್ಲಿ ಬೈದ. ಮಧ್ಯಾಹ್ನದ ಹೊತ್ತಿಗೆ ತಾನು ಯಾಕೆ ಇನ್ನೂ ಇಲ್ಲೇ ಕೂತಿದ್ದೇನೆ ಎಂಬ ಸಂಶಯ ಹುಟ್ಟಿತು. ಅವಳ ಮಾತಿನ ಕೊನೆಯ ತುಂಡು ಅವನಿಗೆ ಸಿಹಿಯಾಗಿತ್ತು, ಅದು ಖರೆ. ಸುಮ್ಮನಿದ್ದರೆ ಸುಭಾಷನಿಗೆ ಕೆಲಸ ಸಿಗುತ್ತದೆ, ತನಗೆ ಹೆಸರು ಉಳಿಯುತ್ತದೆ. ಆದರೆ ಜನ ಏನನ್ನುತ್ತಾರೆ? ಪಾಪ ಎಂದು ಕಳ್ಳನನ್ನೇ ಮತ್ತೆ ಇಟ್ಟುಕೊಂಡಳು ಎನ್ನುತ್ತಾರೆ.

ಮೂರನೆಯ ದಿನ ಮುಂಜಾನೆ ಸ್ಟ್ಯಾಂಡಿಗೆ ಹೋದ. ಚಹಾ ಹಿಡಿದು ನಿಂತವರ ನಡುವೆ ನಿಂತು ಹೇಳಿದ. "ಸುಭಾಷ ಎಣ್ಣಿ ಕದ್ದಿಲ್ಲ. ಆ ಇಂಜಿನ್ನ ಎಣ್ಣಿ ತಿಂತೈತಿ. ನಾ ನೋಡಲಾರದ ಹೇಳಿದೆ. ತಪ್ಪು ನಂದು."

ಯಾರೂ ನಗಲಿಲ್ಲ. ಮುಂಡರಗಿಯ ಒಬ್ಬ ಆಪರೇಟರ್ ಮಾತ್ರ, "ಅಂದ್ರ ಹೋದ ವರ್ಷ ನಮ್ಮ ಡೀಸೆಲ್ಲಿನ ಸಿಲಿಂಡರ್ ಬೋರ್ ಮಾಡಸಂದ್ರಿ, ಅದನ್ನರ ನೋಡಿ ಹೇಳಿದ್ರೋ?" ಎಂದು ಮೆಲ್ಲಗೆ ಕೇಳಿದ. ಇನ್ನು ಮೇಲೆ ಇಂಥ ಪ್ರಶ್ನೆಗಳು ಬರುತ್ತಲೇ ಇರುತ್ತವೆ ಎಂದು ತಿರಕಪ್ಪನಿಗೆ ಗೊತ್ತಾಯಿತು.

ಅಲ್ಲಿಂದ ಬಿಂಕದಕಟ್ಟಿಗೆ ಹೋದ. ಹನಮಂತವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಅವನ ಗುರುತು ಹತ್ತಿ ಗಡಬಡಿಸಿ ಎದ್ದು ಕಂಬಳಿ ಹಾಸಿದಳು. ಅವಳ ಗಂಡ ಇದ್ದ ಕಾಲಕ್ಕೆ, ಬಾವಿಯ ಸೆಲೆ ಬತ್ತಿದೆ ಎಂದು ಎಲ್ಲರೂ ಹೇಳುವಾಗ, ಸೆಲೆ ಇದೆ, ಪಂಪಿನ ಇಂಜಿನ್ನಿನ ರಿಂಗು ಹೋಗಿದೆ ಎಂದು ಹೇಳಿ ನೀರು ಎತ್ತಿಸಿಕೊಟ್ಟವನು ಈ ತಿರಕಪ್ಪ. ಅವಳು ಅದನ್ನು ಮರೆತಿರಲಿಲ್ಲ.

"ಸುಭಾಷ ಹೊಲಕ್ಕ ಹೋಗ್ಯಾನ್ರಿ, ಬರೂ ಹೊತ್ತಾತು" ಎಂದು ನೀರು ಕೊಟ್ಟು, ಮತ್ತೆ ಮೊರ ಹಿಡಿದು ಕೂತು ತಲೆ ತಗ್ಗಿಸಿದಳು. "ನಮ್ಮ ಮನಿತನದಾಗ ಇಂಥಾದ್ದು ಯಾರೂ ಮಾಡಿದ್ದಿಲ್ಲರಿ. ನಿಮ್ಮ ಮುಂದ ಮಾರಿ ಎತ್ತಾಕ ನಾಚಿಕಿ ಆಗತೈತಿ."

ತಿರಕಪ್ಪ ನೀರಿನ ತಂಬಿಗೆ ಕೆಳಗಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೊಳವೆ, ಹನಿ, ಲಕ್ಷ್ಮೇಶ್ವರ, ಎಲ್ಲ. ಹನಮಂತವ್ವನಿಗೆ ಇಂಜಿನ್ನಿನ ಸಂಗತಿ ಎಷ್ಟು ತಿಳಿಯಿತೋ, ಮಗ ಕದ್ದಿಲ್ಲ ಎಂಬುದು ತಿಳಿಯಿತು. ಮೊರದಲ್ಲಿ ಆಡುತ್ತಿದ್ದ ಅವಳ ಕೈ ನಿಂತಿತು.

"ನೀವು ಹೇಳಿದ್ದು ಸುಳ್ಳ ಆಗೂದಿಲ್ಲ ಅಂತ ನಾನೂ ನಂಬಿದ್ನಿರಿ" ಎಂದಳು. "ಅವತ್ತ ಅವ ಮನಿಗೆ ಬಂದು, ನನ್ನ ಕೈಮ್ಯಾಲೆ ಕೈ ಇಟ್ಟು ಆಣಿ ಮಾಡಾಕ ಬಂದ. ತಿರಕಪ್ಪಣ್ಣ ಹೇಳಿದಮ್ಯಾಲೆ ಸುಳ್ಳ ಆಣಿ ಯಾಕ ಮಾಡ್ತಿ ಅಂತ ನಾ ಕೈ ಹಿಂದಕ್ಕ ತಗೊಂಡ್ನಿ. ಅವತ್ತಿಂದ ಅವ ಮನಿಯಾಗ ಮಾತಾಡಿಲ್ಲ. ರೊಟ್ಟಿ ಹಾಕಿದ್ರ ತಿಂತಾನ, ಏಳತಾನ."

ಇಷ್ಟು ಜನ ನಂಬಿದ್ದು ತಿರಕಪ್ಪನಿಗೆ ಗೊತ್ತಿತ್ತು. ತಾಯಿ ಕೂಡ ನಂಬಿದ್ದಾಳೆಂದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಸುಭಾಷ ಬಂದ. ಹೆಗಲ ಮೇಲೆ ಹಸಿ ಮೇವಿನ ಹೊರೆ. ತಿರಕಪ್ಪನನ್ನು ಕಂಡು ಹೊರೆ ಇಳಿಸದೆ ಹೊಸ್ತಿಲ ಹೊರಗೇ ನಿಂತ. ತಿರಕಪ್ಪ ಎದ್ದು ನಿಂತು ಸ್ಟ್ಯಾಂಡಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ. ಅಲ್ಲಿಯೂ ಹೇಳಿ ಬಂದಿದ್ದೇನೆ, ಎಲ್ಲರಿಗೂ ಗೊತ್ತಾಗಿದೆ ಎಂದ. ಸುಭಾಷ ತಲೆಯಾಡಿಸಿದ, ಅಷ್ಟೇ. ಹೊರೆ ಇಳಿಸಿ ಗೋಡೆಗೆ ಆನಿಸಿದ.

ಹನಮಂತವ್ವ ಕೂತಲ್ಲಿಂದಲೇ ಮಗನ ಕಡೆ ಅಂಗೈ ಚಾಚಿದಳು. "ಬಾರೋ ಯಪ್ಪಾ" ಎಂದಳು.

ಸುಭಾಷ ಆ ಕೈಯನ್ನು ನೋಡಿದ. ಆಮೇಲೆ ತಿರಕಪ್ಪನ ಕಡೆ ತಿರುಗಿ, "ನಾಳೆಯಿಂದ ಕೆಲಸಕ್ಕ ಬರ್ತೀನಿ ಅಂತ ಅಕ್ಕಾರಿಗೆ ಹೇಳ್ರಿ" ಎಂದು ಹೇಳಿ, ದನಕ್ಕೆ ಮೇವು ಹಾಕಲು ಹಿತ್ತಿಲಿಗೆ ಹೋದ. ಹನಮಂತವ್ವನ ಕೈ ಹಾಗೇ ಚಾಚಿಕೊಂಡಿತ್ತು. ತಿರಕಪ್ಪ ಅವಳ ಎದುರಿಗೆ ನಿಂತೇ ಇದ್ದ.